ಬರುವುದಾದರೆ ಒಂದು ಒತ್ತಿ

ಮಾರ್ಚ್ 3, ಸೋಮವಾರ

ಆಸ್ಪತ್ರೆಯ ಕೆಲಸ ನಮ್ಮ ಕಂಪನಿಗೇ ಸಿಕ್ಕಿತು. ರೋಗಿಗಳ ಮೊಬೈಲಿಗೆ 'ನಾಳೆ ನಿಮ್ಮ ಸರದಿ. ನೀವು ಬರುತ್ತೀರಾ? ಬರುವುದಾದರೆ 1 ಒತ್ತಿ' ಎಂದು ಸಂದೇಶ ಕಳಿಸುವ ತಂತ್ರಾಂಶ. ಕೇಳಿದರೆ ಎರಡು ಸಾಲಿನ ಕೆಲಸದಂತೆ ಕಾಣುತ್ತದೆ. ಹಾಗೆ ಕಂಡದ್ದಕ್ಕೇ ನಮ್ಮ ಮ್ಯಾನೇಜರು ತಲೆಯಾಡಿಸಿ ಬಂದಿದ್ದಾರೆ. ಅವರಿಗೆ ನಾವಿಟ್ಟ ಹೆಸರು 'ಆಗುತ್ತೆ ಸಾಹೇಬರು'. ಗಿರಾಕಿಯ ಪ್ರಶ್ನೆ ಮುಗಿಯುವ ಮುಂಚೆಯೇ ಅವರ ಬಾಯಿಂದ ಆ ಪದ ಹೊರಬಿದ್ದಿರುತ್ತದೆ.

"ಮೂರು ತಿಂಗಳಾದ್ರೂ ಬೇಕು ಸರ್" ಎಂದೆ.

"ಏಪ್ರಿಲ್ ಮೊದಲ ವಾರ ಅಂತ ಹೇಳ್ಬಿಟ್ಟಿದ್ದೀನಲ್ಲಮ್ಮ."

"ಯಾರನ್ನ ಕೇಳಿ ಹೇಳಿದ್ರಿ?"

"ಅವ್ರು ಕೇಳಿದ್ರು, ನಾನು ಹೇಳ್ದೆ. ಆಗುತ್ತೆ ಬಿಡಮ್ಮ, ಏನ್ ಮಹಾ!"

ಏನ್ ಮಹಾ ಅಂತೆ. ಹೆರುವವಳು ನಾನು, ದಿನ ಹೇಳುವವರು ಇವರು.

ಮನೆಗೆ ಬಂದರೆ ಇನ್ನೊಂದು ಪಾರಾಯಣ. ಅತ್ತೆಯವರು ಬಾಗಿಲಲ್ಲೇ ಶುರು ಮಾಡಿದರು. ನಲ್ಲಿ ಸೋರುತ್ತಂತೆ. ಪಕ್ಕದ ಮನೆಯವರು ಟಿವಿ ಜೋರಾಗಿಡುತ್ತಾರಂತೆ. "ಈ ಕಟ್ಟಡದಲ್ಲಿ ಲಿಫ್ಟ್ ಕೂಡ ಮಾತಾಡುತ್ತೆ, ನೀನೊಬ್ಬಳು ಮಾತಾಡಲ್ಲ" ಅಂತೆ. ನನ್ನ ಗಂಡ ಹಡಗಿನ ಇಂಜಿನ್ ಕೋಣೆಯಲ್ಲಿ ಕೂತು ತಿಂಗಳಿಗೆ ನಾಲ್ಕು ಸಲ ಫೋನ್ ಮಾಡಿ "ಅಮ್ಮನ್ನ ನೋಡ್ಕೋ" ಎನ್ನುತ್ತಾರೆ. ಸಮುದ್ರದ ನಡುವೆ ಇದ್ದವರಿಗೇನು, ಅಲ್ಲಿ ಅಮ್ಮನೂ ಇಲ್ಲ, ನಲ್ಲಿಯೂ ಇಲ್ಲ. ಫೋನಲ್ಲಿ ಅವರ ಹತ್ತಿರ ನಾನು ಅತ್ತೆಯನ್ನು 'ಗೊಣಗಜ್ಜಿ' ಎಂದೇ ಕರೆಯುವುದು. ಅವರು ನಗುತ್ತಾರೆ. ಅಷ್ಟಾದರೂ ನಗಲಿ.

ಗೊಣಗಜ್ಜಿಯ ಬಲಗಣ್ಣಿಗೆ ಪೊರೆ ಬಂದು ಮುಚ್ಚಿಹೋಗಿದೆ. ಹಿಂದೆ ಯಾವಾಗಲೋ ಪೆಟ್ಟು ಬಿದ್ದ ಕಣ್ಣು, ಎಲ್ಲರೂ ಕೈ ಹಾಕುವಂಥದ್ದಲ್ಲ. ಅದೇ ಆಸ್ಪತ್ರೆಗೆ ವರ್ಷಕ್ಕೆ ಎರಡು ಸಲ ಬರುವ ದೊಡ್ಡ ಡಾಕ್ಟರು ಏಪ್ರಿಲ್ 7ಕ್ಕೆ ಆಪರೇಷನ್ ಇಟ್ಟುಕೊಂಡಿದ್ದಾರೆ. ಇದು ತಪ್ಪಿದರೆ ಅವರ ಮುಂದಿನ ಭೇಟಿಯವರೆಗೆ ಕಣ್ಣು ಕಾಯುವುದಿಲ್ಲ ಎಂದೂ ಹೇಳಿದ್ದಾರೆ. ನಾನೇ ಜೊತೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಅದಕ್ಕೆ ಪ್ರತಿಯಾಗಿ ನನ್ನದೂ ಒಂದು ಷರತ್ತು: ಕೆಲಸದ ಹೊತ್ತಿನಲ್ಲಿ ನನಗೆ ಫೋನ್ ಮಾಡಕೂಡದು.

ಮಾರ್ಚ್ 6, ಗುರುವಾರ

ಸಂದೇಶ ಹೋಗುತ್ತದೋ ಇಲ್ಲವೋ ನೋಡಲು ಒಂದು ನಂಬರು ಬೇಕಿತ್ತು. ನನ್ನದನ್ನೇ ಹಾಕಿದರೆ ದಿನವಿಡೀ ಕಿಣಿಕಿಣಿ, ಕೆಲಸ ಮಾಡಿದ ಹಾಗೆಯೇ! ನನಗೆ ಬಾಯಿಪಾಠ ಬರುವ ಇನ್ನೊಂದು ನಂಬರು ಅತ್ತೆಯದು. ಅವರಿಗಂತೂ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸಂದೇಶ ಯಾರು ಓದುತ್ತಾರೆ? ರೋಗಿಯ ಹೆಸರಿನ ಜಾಗದಲ್ಲಿ 'ಗೊಣಗಜ್ಜಿ' ಎಂದು ಬರೆದೆ. ಕೆಲಸದಲ್ಲಿ ಸ್ವಲ್ಪ ಖುಷಿಯೂ ಇರಬೇಕಲ್ಲ.

ನಮ್ಮಲ್ಲಿ ತಪ್ಪು ಹುಡುಕುವ ಕೆಲಸದವರೊಬ್ಬರಿದ್ದಾರೆ. ಎಲ್ಲಕ್ಕೂ ಕೊಕ್ಕೆ ಹಾಕುವುದರಿಂದ 'ಕೊಕ್ಕೆ ಅಕ್ಕ'. ನನ್ನ ಹೆಗಲ ಮೇಲಿಂದ ಇಣುಕಿ ನೋಡಿದರು.

"ನಿಜವಾದ ಜನರ ನಂಬರು ಪರೀಕ್ಷೆಗೆ ಹಾಕ್ಬಾರ್ದು ಕಣೇ."

"ಜನರದ್ದಲ್ಲಕ್ಕ, ನಮ್ಮತ್ತೇದು."

ಇಡೀ ಸಾಲು ಗೊಳ್ಳೆಂದಿತು. ಕೊಕ್ಕೆ ಅಕ್ಕ ನಗಲಿಲ್ಲ. ಅವರು ನಕ್ಕದ್ದನ್ನು ಯಾರು ಕಂಡಿದ್ದಾರೆ?

ಮಾರ್ಚ್ 11, ಮಂಗಳವಾರ

ವಿಚಿತ್ರ. ಕಳಿಸಿದ ಪ್ರತಿಯೊಂದು ಸಂದೇಶಕ್ಕೂ '1' ಎಂದು ಉತ್ತರ ಬಂದಿದೆ. ಒಂದೂ ತಪ್ಪಿಲ್ಲ. ಮೊದಲು ನಮ್ಮ ತಂತ್ರಾಂಶವೇ ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತಿದೆ ಎಂದುಕೊಂಡು ಅರ್ಧ ದಿನ ಹುಡುಕಿದೆ. ಪಕ್ಕದ ಮೇಜಿನ ಹುಡುಗನನ್ನು ಕೇಳಿದರೆ "ನನ್ ಕಂಪ್ಯೂಟರಲ್ಲಿ ಸರಿಯಾಗೇ ಓಡ್ತಿದೆ" ಎಂದ. ಅವನು ಹೇಳುವುದೇ ಅದೊಂದು ಮಾತು. ಕಟ್ಟಡಕ್ಕೆ ಬೆಂಕಿ ಬಿದ್ದರೂ ಅವನ ಕಂಪ್ಯೂಟರಲ್ಲಿ ಸರಿಯಾಗೇ ಓಡುತ್ತಿರುತ್ತದೆ. ಆದ್ದರಿಂದ ಅವನು 'ಓಡ್ತಿದೆ ಮಹಾಶಯ'.

ಮನೆಗೆ ಬಂದು ನೋಡಿದರೆ ಅತ್ತೆ ಕಿಟಕಿಯ ಪಕ್ಕ ಭೂತಗನ್ನಡಿ ಹಿಡಿದು, ಎಡಗಣ್ಣಿಗೆ ಫೋನ್ ಅಂಟಿಸಿಕೊಂಡು ಕೂತಿದ್ದಾರೆ. ಅವರು ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೂ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುತ್ತಿದ್ದವರು. ಗಂಟೆ ಬಾರಿಸಿದರೆ ಉತ್ತರ ಕೊಡಬೇಕು ಎಂಬುದು ರಕ್ತಕ್ಕೇ ಇಳಿದಿದೆ.

"ನೋಡೇ, ನಾಳೆ ಹಲ್ಲಿನ ಡಾಕ್ಟರಂತೆ. ನಾಡಿದ್ದು ಹೆರಿಗೆ ವಾರ್ಡಿಗೆ ಬಾ ಅಂತಿದೆ. ಈ ವಯಸ್ಸಲ್ಲಿ ನಂಗೆ ಹೆರಿಗೆ!"

"ಮತ್ತೆ ಬರ್ತೀನಿ ಅಂತ ಒತ್ತಿದ್ರಾ?"

"ಕೇಳ್ದೋರಿಗೆ ಉತ್ತರ ಕೊಡ್ಬೇಕಲ್ಲ. ಆದ್ರೆ ಒರಟು ಜನ ಕಣೇ ಇವ್ರು. ಒಂದು ಒತ್ತಿದ್ರೆ 'ಆಯ್ತು' ಅಂತಾನೂ ಅನ್ನಲ್ಲ."

'ಆಯ್ತು' ಎಂದು ಕಳಿಸುವುದು ಒಪ್ಪಂದದಲ್ಲಿ ಇಲ್ಲ, ಅತ್ತೆ. ಒಪ್ಪಂದದಲ್ಲಿ ಇಲ್ಲದ್ದನ್ನು ನಾವು ಮಾಡುವುದಿಲ್ಲ. ಆಗುತ್ತೆ ಸಾಹೇಬರು ಹೇಳಿದರೆ ಮಾತ್ರ ಮಾಡುತ್ತೇವೆ. 'ಅದು ನಮ್ಮದೇ ಪರೀಕ್ಷೆ, ಒತ್ತಬೇಡಿ' ಎಂಬ ಮಾತು ಗಂಟಲವರೆಗೆ ಬಂತು. ಆದರೆ ಗುರುವಾರ ಆಸ್ಪತ್ರೆಯವರಿಗೆ ತೋರಿಸುವುದಿದೆ, ಸಂಬಳವಿಲ್ಲದೆ ಇಷ್ಟು ನಿಷ್ಠೆಯಿಂದ ದುಡಿಯುವವರು ಎಲ್ಲಿ ಸಿಗುತ್ತಾರೆ? ನುಂಗಿಕೊಂಡೆ.

ಮಾರ್ಚ್ 13, ಗುರುವಾರ

ಗೆದ್ದೆವು! ಆಗುತ್ತೆ ಸಾಹೇಬರು ಗೋಡೆಯ ಮೇಲೆ ದೊಡ್ಡ ನಕ್ಷೆ ಬಿಟ್ಟು, "ನೋಡಿ, ನಮ್ಮ ಪ್ರಾಯೋಗಿಕ ಬಳಕೆದಾರರಲ್ಲಿ ನೂರಕ್ಕೆ ನೂರು ಜನ ತಕ್ಷಣ ಉತ್ತರಿಸಿದ್ದಾರೆ. ಅದರಲ್ಲೂ ಹಿರಿಯ ನಾಗರಿಕರು!" ಎಂದರು. ಆಸ್ಪತ್ರೆಯ ಆಡಳಿತಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆ ನೂರಕ್ಕೆ ನೂರು ಜನ ಈಗ ನಮ್ಮ ಮನೆಯ ಕಿಟಕಿಯ ಪಕ್ಕ ಭೂತಗನ್ನಡಿ ಹಿಡಿದು ಕೂತಿದ್ದಾರೆ ಎಂದು ಹೇಳಲು ನನಗೇನು ಹುಚ್ಚೇ?

ನಾನು ಮಾಡಿದ ಇನ್ನೊಂದು ಏರ್ಪಾಡಿಗೂ ಚಪ್ಪಾಳೆ ಬಿತ್ತು. ಆಪರೇಷನ್ ದಿನ ರೋಗಿಯ ಹೆಸರನ್ನು ಯಾರೂ ತಿದ್ದುವ ಹಾಗಿಲ್ಲ. ಒಬ್ಬರ ಬದಲು ಇನ್ನೊಬ್ಬರನ್ನು ಕೊಯ್ಯಬಾರದಲ್ಲ! ಇದು ಪೂರ್ತಿ ನನ್ನದೇ ತಲೆ.

ಮಾರ್ಚ್ 19, ಬುಧವಾರ

ಆಸ್ಪತ್ರೆಯವರು ಔಷಧಿಯ ನೆನಪೂ ಬೇಕು ಎಂದರು. ಆಗುತ್ತೆ. ಆಂಬುಲೆನ್ಸ್ ಎಲ್ಲಿದೆ ಎಂದು ತೋರಿಸಬೇಕು ಎಂದರು. ಆಗುತ್ತೆ. ಹುಟ್ಟುಹಬ್ಬದ ಶುಭಾಶಯ? ಅದೂ ಆಗುತ್ತೆ. ಗಡುವು ಮಾತ್ರ ಅಲ್ಲೇ ಇದೆ, ಗೂಟ ಹೊಡೆದ ಹಾಗೆ. ಸಹಾಯಕ್ಕೆಂದು ಇಬ್ಬರು ಹೊಸಬರನ್ನು ಕೊಟ್ಟಿದ್ದಾರೆ. ಅವರಿಗೆ ಕೆಲಸ ವಿವರಿಸುವುದರಲ್ಲೇ ನನ್ನ ಹಗಲು ಹೋಗುತ್ತದೆ.

ಮಾರ್ಚ್ 21, ಶುಕ್ರವಾರ

ಮಧ್ಯಾಹ್ನ ಬಹಳ ಹೊತ್ತು '1' ಬರಲಿಲ್ಲ. ಜಾಲ ಕೈಕೊಟ್ಟಿತೇ ಎಂದು ನೋಡಿದೆ, ಇಲ್ಲ. ಇನ್ನೊಂದು ಸಂದೇಶ ಕಳಿಸಿದೆ, ಅದಕ್ಕೂ ಇಲ್ಲ. ಮನೆಗೆ ಫೋನ್ ಮಾಡಿದೆ. ನಿದ್ದೆ ಹೋಗಿದ್ದರಂತೆ.

"ಏನೇ, ನೀನೇ ಫೋನ್ ಮಾಡಿದ್ದೀಯ! ಹುಷಾರಾಗಿದ್ದೀಯ ತಾನೇ?"

ಕೆಲಸದ ದೃಷ್ಟಿಯಿಂದ ಮಾಡಿದ್ದು, ಮತ್ತೇನಲ್ಲ. ಬರುವಾಗ ನಲ್ಲಿ ರಿಪೇರಿಯವನನ್ನು ಕರೆದುಕೊಂಡು ಬಂದೆ, ದಾರಿಯಲ್ಲೇ ಸಿಕ್ಕ ಎಂದು.

ಮಾರ್ಚ್ 27, ಗುರುವಾರ

ಕೊಕ್ಕೆ ಅಕ್ಕನನ್ನು ಬೇರೆ ಕೆಲಸಕ್ಕೆ ಎತ್ತಿಹಾಕಿದರು. ಸಾಹೇಬರ ತರ್ಕ ಹೀಗಿದೆ: ಪರೀಕ್ಷಿಸಲು ಸಮಯವಿಲ್ಲ, ಆದ್ದರಿಂದ ಪರೀಕ್ಷಿಸುವವರು ಬೇಡ. ಗಾಡಿ ಇಳಿಜಾರಿನಲ್ಲಿದೆ, ಬ್ರೇಕ್ ಭಾರ ಜಾಸ್ತಿ ಎಂದು ಕಿತ್ತು ಬಿಸಾಡಿದಂತೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಹೋಗುವ ಮುಂಚೆ ಅಕ್ಕ ನನ್ನ ಮೇಜಿನ ಹತ್ತಿರ ನಿಂತು, "ಪರೀಕ್ಷೆಗೆ ಹಾಕಿದ್ದನ್ನೆಲ್ಲ ಕೈಯಾರೆ ಒಂದೊಂದೇ ನೋಡಿ ತೆಗೀ. ಮತ್ತೆ ಏನೇ ಅಳಿಸೋ ಮುಂಚೆ ಒಂದು ನಕಲು ಇಟ್ಕೋ" ಎಂದರು. ನಕಲಿನ ಏರ್ಪಾಡು ಹಟ ಹಿಡಿದು ಮಾಡಿಸಿಯೇ ಹೋದರು.

ಒಂದೊಂದೇ ನೋಡಿ ತೆಗೆಯಲು ಯಾರಿಗೆ ಪುರುಸೊತ್ತಿದೆ? ಸುಲಭದ ಉಪಾಯ ಮಾಡಿದೆ. ಪರೀಕ್ಷೆಯ ನಂಬರುಗಳಿಗೆಲ್ಲ ಗುರುತು ಹಾಕಿದೆ. ಆ ಗುರುತಿದ್ದ ಯಾವ ದಾಖಲೆಯಿದ್ದರೂ ಆಸ್ಪತ್ರೆಗೆ ಬಿಟ್ಟ ದಿನದಿಂದ ತಂತ್ರಾಂಶವೇ ದಿನಾ ಸಂಜೆ ಗುಡಿಸಿ ಹಾಕುತ್ತದೆ. ಯಾರಾದರೂ ಮತ್ತೆ ಆ ನಂಬರು ಒತ್ತಿದರೆ 'ಇದು ಪರೀಕ್ಷಾ ಸಂಖ್ಯೆ. ನಿಜವಾದ ಮನುಷ್ಯರ ಸಂಖ್ಯೆ ಹಾಕಿ' ಎಂದು ಪರದೆಯ ಮೇಲೆ ಬರುತ್ತದೆ. ಓಡ್ತಿದೆ ಮಹಾಶಯ ಓದಿ ಬಿದ್ದು ಬಿದ್ದು ನಕ್ಕ.

ಏಪ್ರಿಲ್ 2, ಬುಧವಾರ

ಅತ್ತೆಗೆ ಆಪರೇಷನ್ ಭಯ ಶುರುವಾಗಿದೆ. ಬಾಯಲ್ಲಿ ಹೇಳುವುದಿಲ್ಲ, ಇದ್ದ ಎರಡು ಪಾತ್ರೆಯನ್ನೇ ಮೂರು ಮೂರು ಸಲ ತೊಳೆಯುತ್ತಾರೆ. ಊಟಕ್ಕೆ ಜೊತೆಗೇ ಕೂತೆ.

"ಕಣ್ಣು ಬಂದ್ಮೇಲೆ ಮೊದಲು ಏನ್ ನೋಡ್ತೀರಿ ಅತ್ತೆ?"

"ನಿನ್ ಮುಖ. ಬಂದಾಗ್ಲಿಂದ ಒಂದ್ ಕಡೆಯಿಂದಾನೇ ನೋಡ್ತಿದ್ದೀನಿ. ಇನ್ನೊಂದ್ ಕಡೆಯೂ ಹೀಗೇ ಸಿಡುಕೋ ಏನೋ!"

ನಗು ಬಂತು. ತುಂಬಾ ಜೋರಾಗಿಯೇ ಬಂತು. ಕೆಲಸದ ಒತ್ತಡಕ್ಕೆ ಮನುಷ್ಯರಿಗೆ ಹೀಗೆಲ್ಲ ಆಗುತ್ತದೆಯಂತೆ.

ಏಪ್ರಿಲ್ 4, ಶುಕ್ರವಾರ

ಶುಕ್ರವಾರ ಸಂಜೆ ಹೊಸದನ್ನು ಹೊರಗೆ ಬಿಡಬಾರದು, ಎರಡು ದಿನ ಹೇಳುವವರು ಕೇಳುವವರು ಇರುವುದಿಲ್ಲ ಎಂಬುದು ಈ ಕಸುಬಿನ ಮಗುವಿಗೂ ಗೊತ್ತು. ಆದ್ದರಿಂದ ಶುಕ್ರವಾರ ಸಂಜೆಯೇ ಬಿಟ್ಟೆವು. ಆಸ್ಪತ್ರೆಯ ಹಳೆಯ ರೋಗಿಗಳ ಪಟ್ಟಿಯನ್ನೆಲ್ಲ ಹೊಸದಕ್ಕೆ ಸುರಿದೆವು. ಸೋಮವಾರ ಬೆಳಿಗ್ಗೆ ಉದ್ಘಾಟನೆ. ಕೇಕ್ ಬರುತ್ತದಂತೆ.

ಪರೀಕ್ಷೆಯ ಸಂದೇಶಗಳನ್ನು ನಿಲ್ಲಿಸಿದೆ. ಮನೆಗೆ ಬಂದರೆ ಅತ್ತೆ ಫೋನ್ ಮುಂದೆ ಹಿಡಿದರು.

"ಇದು ಕೆಟ್ಟೋಯ್ತೇನೋ ನೋಡೇ. ಮಧ್ಯಾಹ್ನದಿಂದ ಏನೂ ಕೇಳ್ತಿಲ್ಲ."

"ಸರಿಯಾಗೇ ಇದೆ ಅತ್ತೆ" ಎಂದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ದಿಂಬಿನ ಪಕ್ಕ ಇಟ್ಟುಕೊಂಡರು.

ಏಪ್ರಿಲ್ 6, ಭಾನುವಾರ

ಉದ್ಘಾಟನೆಯೂ ಆಪರೇಷನ್ನೂ ಒಂದೇ ಬೆಳಿಗ್ಗೆ. ರಜೆ ಕೇಳಿದೆ. "ನೀನೇ ಇಲ್ದಿದ್ರೆ ಹೇಗಮ್ಮ? ಡಾಕ್ಟರ್ ಇರ್ತಾರೆ, ನರ್ಸ್ ಇರ್ತಾರೆ, ನೀನೇನ್ ಕೊಯ್ತೀಯಾ?" ಎಂದರು ಸಾಹೇಬರು. ಬಾಡಿಗೆ ಕಾರು ಗೊತ್ತು ಮಾಡಿದ್ದೇನೆ. ಮಧ್ಯಾಹ್ನ ಹೋಗಿ ಕರೆದುಕೊಂಡು ಬರುತ್ತೇನೆ.

ಅತ್ತೆಗೆ ಹೇಳಿದೆ. "ಆಯ್ತು" ಎಂದರು. ಗೊಣಗಲೇ ಇಲ್ಲ. ಅದೊಂದು ಕಿರಿಕಿರಿಯಾಗಿದೆ.

ಏಪ್ರಿಲ್ 7, ಸೋಮವಾರ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

ಕೇಕ್ ಕತ್ತರಿಸುವಾಗಲೇ ಆಸ್ಪತ್ರೆಯಿಂದ ಮೊದಲನೇ ದೂರು ಬಂತು. 'ಒಬ್ಬ ವೃದ್ಧೆಗೆ ಇಂದು ಆಪರೇಷನ್ ಇದೆಯಂತೆ, ದಾಖಲೆ ಸಿಗುತ್ತಿಲ್ಲ. ಎದ್ದು ಹೋಗಲು ಒಪ್ಪುತ್ತಿಲ್ಲ.' ಸಾಹೇಬರು ನನ್ನ ಕಿವಿಯಲ್ಲಿ, "ಮೊದಲ ದಿನವೇ ದೂರು ಅಂದ್ರೆ ಅಪಶಕುನ ಕಣಮ್ಮ, ಬೇಗ ಮುಚ್ಚು" ಎಂದರು. ಮುಚ್ಚಿದೆ. ಒಂದು ಕೈಯಲ್ಲಿ ಕೇಕ್ ಹಿಡಿದುಕೊಂಡೇ ಬರೆದೆ: 'ಬಳಕೆದಾರರ ತಪ್ಪು. ಸಂಖ್ಯೆ ಸರಿಯಾಗಿ ಹಾಕಲು ತಿಳಿಸಿ.' ಇದು ನಾವು ಕಣ್ಣು ಮುಚ್ಚಿಕೊಂಡು ಬರೆಯುವ ಸಾಲು. ಸಾಲುಸಾಲು ವೃದ್ಧೆಯರು ಬರುವ ಆಸ್ಪತ್ರೆಯಲ್ಲಿ ಇದು ಯಾರೋ ಒಬ್ಬರು ಎಂದುಕೊಂಡೆ. ಎಂದುಕೊಂಡೆ ಅನ್ನುವುದೂ ಸುಳ್ಳು, ಏನೂ ಅಂದುಕೊಳ್ಳಲೇ ಇಲ್ಲ.

ಕೇಕ್ ಮುಗಿಯುವ ಮುಂಚೆ ಎರಡನೇ ದೂರು. 'ಸಂಖ್ಯೆ ಸರಿಯಾಗೇ ಇದೆ. ಆ ವೃದ್ಧೆ ಹೇಳುತ್ತಿದ್ದಾರೆ: ಈ ಕೆಲಸ ಮಾಡಿದ್ದು ನನ್ನ ಸೊಸೆ, ಅವಳಿಗೆ ತಿಳಿಸಿ, ಸರಿ ಮಾಡ್ತಾಳೆ. ಫೋನ್ ಮಾಡಿ ಅಂದರೆ, ಕೆಲಸದ ಹೊತ್ತಲ್ಲಿ ಮಾಡಬಾರದು ಅನ್ನುತ್ತಾರೆ.' ಕೆಳಗೆ ಆ ನಂಬರು. ನನಗೆ ಬಾಯಿಪಾಠ ಬರುವ ನಂಬರು.

ಶುಕ್ರವಾರ ಸುರಿದ ಪಟ್ಟಿಯಲ್ಲಿ ಅತ್ತೆ ಇದ್ದರು. ನಂಬರು ಒಂದೇ ಆದ್ದರಿಂದ ನನ್ನ ಗೊಣಗಜ್ಜಿಯ ದಾಖಲೆಯ ಜೊತೆ ಅವರದೂ ಕೂಡಿಕೊಂಡಿದೆ. ಅದೇ ಸಂಜೆ ನನ್ನ ಪೊರಕೆ ಬಂದು ಗುಡಿಸಿಕೊಂಡು ಹೋಗಿದೆ. ನಮ್ಮತ್ತೆಯನ್ನು ನಾನೇ ಅಳಿಸಿ ಹಾಕಿ, ಮೇಲೆ 'ಅವರದೇ ತಪ್ಪು' ಎಂದು ಬರೆದೆ. ಥೂ ನನ್ನ ಜನ್ಮಕ್ಕೆ!

"ಎಲ್ಲಿಗಮ್ಮ? ಭಾಷಣ ಇದೆ" ಎಂದರು ಸಾಹೇಬರು.

"ಆಗಲ್ಲ ಸರ್" ಎಂದೆ. ಆ ಆಫೀಸಿನಲ್ಲಿ ಆ ಪದ ಯಾರೂ ಕೇಳಿರಲಿಲ್ಲ. ಸಾಹೇಬರು ಚಾಕು ಹಿಡಿದು ಹಾಗೇ ನಿಂತರು.

ಆಸ್ಪತ್ರೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಕೌಂಟರಿನ ಎದುರಿನ ಬೆಂಚಿನಲ್ಲೇ ಕೂತಿದ್ದರು, ಶಾಲು ಹೊದ್ದು, ಫೋನನ್ನು ಎರಡೂ ಕೈಯಲ್ಲಿ ಹಿಡಿದು. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ನನ್ನನ್ನು ನೋಡಿ, "ಬಂದ್ಯಾ? ಪಾಪ, ಇವಳು ಎಷ್ಟು ಹುಡುಕಿದ್ರೂ ನಾನು ಸಿಗ್ತಿಲ್ಲವಂತೆ" ಎಂದರು.

ಕೌಂಟರಿನ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ನೋಡಿ ಮೇಡಂ, ಅಜ್ಜಿಗೆ ನಾನು ಹೇಗೆ ಓದಿ ಹೇಳ್ಲಿ? ನಿಜವಾದ ಮನುಷ್ಯರ ನಂಬರು ಹಾಕಿ ಅಂತಿದೆ. ಯಾವ ಕತ್ತೆ ಬರೆದಿದ್ದೋ ಇದನ್ನ!"

"ಈ ಕತ್ತೆಯೇ" ಎಂದೆ. ಅವಳು ಬಾಯಿ ಮುಚ್ಚಿಕೊಂಡು ಕುರ್ಚಿ ಬಿಟ್ಟುಕೊಟ್ಟಳು.

ಒಳಗಿನಿಂದ ನರ್ಸ್ ಬಂದು, ಪಟ್ಟಿಯಲ್ಲಿ ಇನ್ನೊಬ್ಬರೇ ಉಳಿದಿರುವುದು, ಆಮೇಲೆ ಡಾಕ್ಟರು ವಿಮಾನಕ್ಕೆ ಹೊರಡುತ್ತಾರೆ ಎಂದು ಹೇಳಿ ಹೋದರು. ಪಟ್ಟಿಯಲ್ಲಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಪಟ್ಟಿ ಮಾಡುವುದು ನನ್ನ ತಂತ್ರಾಂಶ. ಕೊಕ್ಕೆ ಅಕ್ಕನ ನಕಲು ಇಲ್ಲದಿದ್ದರೆ ಇವತ್ತು ನಾನು ಅಲ್ಲೇ ತಲೆ ಚಚ್ಚಿಕೊಳ್ಳಬೇಕಿತ್ತು. ಗುರುತು ತೆಗೆದೆ, ನಕಲಿನಿಂದ ದಾಖಲೆಯನ್ನು ವಾಪಸ್ ತಂದೆ. ಬಂತು. ದಿನಾಂಕ ಸರಿ, ಬಲಗಣ್ಣು ಸರಿ, ಡಾಕ್ಟರು ಸರಿ. ಹೆಸರು: ಗೊಣಗಜ್ಜಿ.

ತಿದ್ದಲು ಹೋದೆ. 'ಶಸ್ತ್ರಚಿಕಿತ್ಸೆಯ ದಿನ ಹೆಸರು ಬದಲಾಯಿಸುವಂತಿಲ್ಲ.' ಮತ್ತೆ ಒತ್ತಿದೆ. ಬದಲಾಯಿಸುವಂತಿಲ್ಲ. ಅಷ್ಟು ಚಪ್ಪಾಳೆ ಬಿದ್ದ ಏರ್ಪಾಡು, ಅಷ್ಟು ಬೇಗ ಕೈಕೊಡುತ್ತದೆಯೇ? ಮಾಡಿದ್ದುಣ್ಣೋ ಮಹರಾಯ.

ಅಷ್ಟರಲ್ಲಿ ಪಟ್ಟಿ ಒಳಗೆ ಹೋಗಿಯಾಗಿತ್ತು. ನರ್ಸ್ ಬಾಗಿಲು ತೆರೆದು, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದರು.

"ಗೊಣಗಜ್ಜಿ! ಗೊಣಗಜ್ಜಿ ಅಂದ್ರೆ ಯಾರು?"

ಯಾರೋ ಕಿಸಕ್ಕೆಂದರು. ಮಕ್ಕಳು ಜೋರಾಗಿಯೇ ನಕ್ಕವು. ನಾನು ಪರದೆಯ ಹಿಂದೆ ತಲೆ ತಗ್ಗಿಸಿದೆ.

ಅತ್ತೆ ಬೆಂಚು ಹಿಡಿದುಕೊಂಡು ನಿಧಾನವಾಗಿ ಎದ್ದರು. ಶಾಲು ಸರಿ ಮಾಡಿಕೊಂಡರು.

"ನಾನೇ ಕಣಮ್ಮ" ಎಂದರು. "ಇಲ್ಲಿದ್ದೀನಿ."

ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಡಾಕ್ಟರು ತಮ್ಮ ಕಾಗದದ ಫೈಲು ನೋಡಿ, ಇವರೇ ಅವರು ಎಂದು ಕೇಳಿ ತಿಳಿದುಕೊಂಡು ಆಪರೇಷನ್ ಮಾಡಿದರು. ಚೆನ್ನಾಗಿ ಆಗಿದೆ ಎಂದರು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳು ನಿಂತ ಮೇಲೆ ಅತ್ತೆಯ ಫೋನ್ ತೆರೆದು ನೋಡಿದೆ. 'ಮಾನ್ಯ ಗೊಣಗಜ್ಜಿ ಅವರೇ', 'ಮಾನ್ಯ ಗೊಣಗಜ್ಜಿ ಅವರೇ', ಬೆರಳು ಸೋಲುವವರೆಗೂ ಅದೇ. ಪ್ರತಿಯೊಂದರ ಕೆಳಗೂ ಒಂದು, ಒಂದು, ಒಂದು.

ಏಪ್ರಿಲ್ 8, ಮಂಗಳವಾರ

ರಜೆ ಹಾಕಿದ್ದೇನೆ. ಸಾಹೇಬರ ಕರೆಗಳು ಬರುತ್ತಿವೆ, ಫೋನ್ ಮಗುಚಿಟ್ಟಿದ್ದೇನೆ. ಓಡ್ತಿದೆ ಮಹಾಶಯ ಮಾತ್ರ ಒಂದು ಸಾಲು ಕಳಿಸಿದ್ದಾನೆ: 'ನನ್ನ ಕಂಪ್ಯೂಟರಲ್ಲಿ ನಿಮ್ಮತ್ತೆ ಸರಿಯಾಗೇ ಇದ್ದಾರೆ.' ಕಪಾಳಕ್ಕೆ ಬಾರಿಸಬೇಕು ಅವನಿಗೆ.

ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯ ಪಕ್ಕ ಒರಗಿದ್ದಾರೆ. ಗಂಜಿಗೆ ಉಪ್ಪು ಕಮ್ಮಿ, ಫ್ಯಾನ್ ಸದ್ದು ಜಾಸ್ತಿ. ಗೊಣಗು ವಾಪಸ್ ಬಂದದ್ದಕ್ಕೆ ಸಮಾಧಾನವಾಯಿತು. ಕೊನೆಗೆ ಕೇಳಿಯೇಬಿಟ್ಟೆ.

"ಆ ಹೆಸರು ನಾನಿಟ್ಟಿದ್ದು ಅಂತ ನಿಮ್ಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಮೊದಲನೇ ದಿನವೇ. ಗಂಡನ ಹತ್ರ ಫೋನಲ್ಲಿ ಹಾಗೇ ಅಲ್ವೇನೇ ನೀನು ಕರೆಯೋದು? ನಂಗೆ ಕಣ್ಣು ಕಾಣಲ್ಲ, ಕಿವಿ ಚೆನ್ನಾಗಿದೆ."

ಮುಖ ಎಲ್ಲಿಡಲಿ ತಿಳಿಯಲಿಲ್ಲ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮಸುಕು, ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ ಎಂಬುದೇ ಪುಣ್ಯ.

"ಮತ್ತೆ ಯಾಕೆ ಒಂದು ಒತ್ತಿದ್ರಿ? ಬೈಬೇಕಿತ್ತು ನನ್ನ."

"ಬೈಯೋದೇನ್ ಬಂತು? ಮನೇಲಿ ನೀನು ನನ್ನ ಕೇಳೋದು ಬಾಗ್ಲು ಹಾಕಿದ್ರಾ ಅಂತ, ಅಷ್ಟೇ. ಆಫೀಸಿಗೆ ಹೋದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಬರ್ತೀರಾ, ಬರ್ತೀರಾ ಅಂತ ನೀನೇ ಕೇಳ್ತಿದ್ದೆ. ಬರ್ತೀನಿ ಅಂತಿದ್ದೆ ನಾನೂ."

ಕ್ಷಮಿಸಿ ಎಂದೆ. ಅದು ಎಷ್ಟು ಸಣ್ಣ ಧ್ವನಿಯಲ್ಲಿ ಬಂತೆಂದರೆ ಅಷ್ಟು ಚೆನ್ನಾಗಿರುವ ಕಿವಿಗೂ ಕೇಳಿಸಿತೋ ಇಲ್ಲವೋ.

ಆಗಲೇ ನನ್ನ ಫೋನ್ ಕಿಣಿ ಎಂದಿತು. ನಿನ್ನೆ ಆಸ್ಪತ್ರೆಯಿಂದ ಹೊರಡುವಾಗ ಮುಂದಿನದಕ್ಕೆಲ್ಲ ನನ್ನ ನಂಬರು ಕೊಟ್ಟಿದ್ದೆ. ಹೆಸರೂ ಇವತ್ತು ಸರಿಯಾಗಿದೆ, ಅವರ ನಿಜವಾದ ಹೆಸರು.

"ಏನಂತೆ?" ಎಂದರು ಅತ್ತೆ.

"ನಾಳೆ ಪಟ್ಟಿ ಬಿಚ್ತಾರಂತೆ. ಬರ್ತೀರಾ ಅಂತ ಕೇಳ್ತಿದೆ."

"ನೀನು ಬರ್ತೀಯಾ?"

ಒಂದು ಒತ್ತಿದೆ. ಪರದೆ ನೋಡುತ್ತಾ ಸ್ವಲ್ಪ ಹೊತ್ತು ಕಾದೆ. ಆ ಕಡೆಯಿಂದ ಏನೂ ಬರಲಿಲ್ಲ.

"ಒತ್ತಿದೆ ಅತ್ತೆ" ಎಂದೆ.

"ಆಯ್ತು" ಎಂದರು ಅತ್ತೆ.